ಕೈಬದಲಾದ ವಾಹನ

ಹೊಸದಾಗಿ ಕೊಂಡ ವಸ್ತುವಿಗೂ ಇನ್ನೊಬ್ಬರ ಕೈಯಲ್ಲಿ ಬಳಕೆಯಾಗಿ ನಮ್ಮ ಕೈಗೆ ಬಂದ ವಸ್ತುವಿಗೂ ಇರುವ ಅಂತರವು ಬೆಲೆಯ ಅಂತರವೊಂದೇ ಅಲ್ಲ. ಹೊಸ ಪಾತ್ರೆಗೆ ಮೊದಲ ಕಲೆಯನ್ನು ನಾವೇ ತರುತ್ತೇವೆ; ಹಳೆಯ ಪಾತ್ರೆಯಲ್ಲಿ ಬೇರೊಂದು ಮನೆಯ ಅಡಿಗೆಯ ಕಲೆ ಆಗಲೇ ಕುಳಿತಿರುತ್ತದೆ. ಪಾತ್ರೆಯಾದರೆ ಹುಣಿಸೆಹಣ್ಣು ಹಚ್ಚಿ ತಿಕ್ಕಿ ತೊಳೆಯಬಹುದು. ಮನುಷ್ಯನನ್ನು ಹೊತ್ತು ಬೀದಿಯಲ್ಲಿ ಓಡುವ ಯಂತ್ರವನ್ನು ಹಾಗೆ ತೊಳೆಯುವುದು ಸುಲಭವಲ್ಲ. ಹಿಂದಿನವನ ಅಭ್ಯಾಸ, ಉದಾಸೀನ, ಜಿಪುಣತನ, ಮಮತೆ, ಇವೆಲ್ಲವೂ ಅದರ ಕಬ್ಬಿಣದಲ್ಲಿ ಅಚ್ಚೊತ್ತಿರುತ್ತವೆ. ಓದಬಲ್ಲವನಿಗೆ ಅದು ಒಬ್ಬನ ಚರಿತ್ರೆ. ಓದಲಾರದವನಿಗೆ ಬರಿಯ ಸಾಮಾನು.

ಇಂಥ ವಸ್ತುವನ್ನು ಕುರಿತು ಎರಡು ಪ್ರಶ್ನೆಗಳು ಏಳುತ್ತವೆ. ಹಣ ಕೊಟ್ಟು ತಂದ ಮಾತ್ರಕ್ಕೆ ಅದು ನಮ್ಮದಾಯಿತೆ, ಇಲ್ಲವೆ ನಮ್ಮದಾಗಲು ಇನ್ನೇನಾದರೂ ಆಗಬೇಕೆ ಎಂಬುದು ಮೊದಲನೆಯದು. ಕೊಡುವವನು ಕೊಳ್ಳುವವನಿಗೆ ಏನನ್ನು ತಿಳಿಸಲು ಬದ್ಧನು, ಅದರಲ್ಲಿಯೂ ಕೊಳ್ಳುವವನಿಗೆ ಕೇಳಬೇಕಾದುದೇನೆಂಬುದೇ ತಿಳಿಯದಿದ್ದಾಗ, ಎಂಬುದು ಎರಡನೆಯದು. ಎರಡೂ ನನಗೆ ಗ್ರಂಥಗಳಿಂದ ಹುಟ್ಟಿದ ಪ್ರಶ್ನೆಗಳಲ್ಲ. ಒಂದು ಹಳೆಯ ಮೋಟಾರ್ ಸೈಕಲ್ಲಿನಿಂದ ಹುಟ್ಟಿದುವು. ಆದುದರಿಂದ ಅದರ ವೃತ್ತಾಂತವನ್ನು ಸ್ವಲ್ಪ ಹೇಳಬೇಕಾಗಿದೆ. ವಾಚಕರು ಕ್ಷಮಿಸಬೇಕು.

ನಲವತ್ತು ವರ್ಷ ದಾಟುವವರೆಗೆ ನಾನು ಸೈಕಲ್ಲನ್ನಲ್ಲದೆ ಬೇರೆ ವಾಹನವನ್ನು ನಡೆಸಿದವನಲ್ಲ. ಕೆಲಸದ ನಿಮಿತ್ತ ಊರ ಹೊರಗೆ ದಿನವೂ ಹೋಗಿಬರಬೇಕಾಗಿ ಬಂದಾಗ ಒಂದು ಯೆಜ್ಡಿಯನ್ನು ಕೊಂಡೆ. ಮೈಸೂರಿನವರಿಗೆ ಆ ಹೆಸರಿನ ಪರಿಚಯವನ್ನು ಮಾಡಿಕೊಡಬೇಕಾದುದಿಲ್ಲ. ಚೆಕ್ ದೇಶದಲ್ಲಿ ಫ್ರಾಂಟಿಷೆಕ್ ಯಾನೆಚೆಕ್ ಎಂಬಾತನು ವಾಂಡರರ್ ಎಂಬ ಜರ್ಮನ್ ಸಂಸ್ಥೆಯ ಮೋಟಾರ್ ಸೈಕಲ್ ವಿಭಾಗವನ್ನು ಕೊಂಡು 1929ರಲ್ಲಿ ತನ್ನ ಹೆಸರಿನ ಮೊದಲ ಅಕ್ಷರಗಳನ್ನೂ ಅದರ ಹೆಸರಿನ ಮೊದಲ ಅಕ್ಷರಗಳನ್ನೂ ಕೂಡಿಸಿ ಜಾವಾ ಎಂದು ಹೆಸರಿಟ್ಟನು. ಹೀಗೆ ಆ ಹೆಸರೇ ಒಂದು ಕೈಬದಲಾವಣೆಯ ಗುರುತು. ಆ ಮಾದರಿಯ ಗಾಡಿಗಳು 1961ರಿಂದ ನಮ್ಮ ಯಾದವಗಿರಿಯ ಕಾರ್ಖಾನೆಯಲ್ಲಿ ತಯಾರಾದುವು. 1973ರಿಂದ ಯೆಜ್ಡಿ ಎಂಬ ಹೆಸರನ್ನು ಪಡೆದುವು. 1996ರಲ್ಲಿ ಕಾರ್ಖಾನೆ ಮುಚ್ಚಿತು. 2022ರಲ್ಲಿ ಅದೇ ಹೆಸರಿನಿಂದ ಹೊಸ ಬಗೆಯ ಗಾಡಿಗಳು ಹೊರಬಂದುವಾದರೂ ಅವುಗಳ ಜಾತಿ ಬೇರೆ. ಯಾದವಗಿರಿಯಲ್ಲಿ ಹುಟ್ಟಿ ಇಂದಿಗೂ ಓಡುತ್ತಿರುವ ಯಾವ ಯೆಜ್ಡಿಯೂ ಇಪ್ಪತ್ತೈದು ವರ್ಷಕ್ಕೆ ಕಡಿಮೆಯ ವಯಸ್ಸಿನದಲ್ಲ. ಅವುಗಳಲ್ಲಿ ಬಹುಪಾಲು ಎರಡು ಮೂರು ಕೈಗಳನ್ನಾದರೂ ಕಂಡಿರುತ್ತವೆ. ನನ್ನದು ಮೂರನೆಯ ಕೈ.

ಆ ಗಾಡಿಯ ಸ್ವಭಾವ ವಿಚಿತ್ರವಾದುದು. ಅದನ್ನು ಒದ್ದು ಚಾಲೂ ಮಾಡುವ ಕಡ್ಡಿಯೂ ಗೇರು ಬದಲಾಯಿಸುವ ಕಡ್ಡಿಯೂ ಒಂದೇ. ಅದನ್ನು ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಒದೆಯುವ ಕಡ್ಡಿ. ಎಂಜಿನ್ನು ಹೊತ್ತಿಕೊಂಡ ಮೇಲೆ ಸ್ವಸ್ಥಾನಕ್ಕೆ ತಂದರೆ ಗೇರಿನ ಕಡ್ಡಿ. ಎಂಜಿನ್ನಿಗೆ ಬೇಕಾದ ಎಣ್ಣೆಯನ್ನು ಪೆಟ್ರೋಲಿನಲ್ಲಿಯೇ ಬೆರೆಸಿ ಹಾಕಬೇಕು. ಲೀಟರಿಗೆ ಮೂವತ್ತೋ ನಲವತ್ತೋ ಮಿಲಿಲೀಟರು. ಕಡಿಮೆಯಾದರೆ ಯಂತ್ರ ಸುಡುತ್ತದೆ. ಹೆಚ್ಚಾದರೆ ಹೊಗೆ ಬೀದಿಯನ್ನೆಲ್ಲ ತುಂಬುತ್ತದೆ, ಪ್ಲಗ್ಗಿನ ಮೇಲೆ ಮಸಿ ಕಟ್ಟುತ್ತದೆ. ತಣ್ಣಗಿರುವಾಗ ಪೆಟ್ರೋಲನ್ನು ಸ್ವಲ್ಪ ಧಾರಾಳವಾಗಿ ಕೊಡಬೇಕು. ಬಿಸಿಯಾಗಿರುವಾಗ ಹಾಗೆ ಮಾಡಿದರೆ ಪ್ಲಗ್ಗು ತೊಯ್ದು ಹತ್ತು ಸಲ ಒದ್ದರೂ ಏಳುವುದಿಲ್ಲ. ಈ ನಿಯಮಗಳನ್ನೆಲ್ಲ ನಾನು ಒಂದು ದಿನದಲ್ಲಿ ಬಾಯಿಪಾಠ ಮಾಡಿದೆ. ಆದರೆ ಗಾಡಿ ಏಳಲಿಲ್ಲ.

ಹೊಸಬನ ನಿಜವಾದ ಸಂಕಟ ಇಲ್ಲಿಂದ ಪ್ರಾರಂಭವಾಗುತ್ತದೆ. ಗಾಡಿ ಏಳಲಿಲ್ಲವೆಂದರೆ ತಪ್ಪು ಪ್ಲಗ್ಗಿನದೋ, ನನ್ನ ಕಾಲಿನದೋ? ಗೇರು ಕರಕರನೆ ಸದ್ದು ಮಾಡಿದರೆ ಹಲ್ಲುಗಳು ಸವೆದಿವೆಯೋ, ಕ್ಲಚ್ಚನ್ನು ಹಿಡಿಯಲು ನನಗೆ ಬರುವುದಿಲ್ಲವೋ? ತಿರುವಿನಲ್ಲಿ ಗಾಡಿ ಅಳುಕಿದರೆ ಅಳುಕಿದ್ದು ಚಕ್ರವೋ, ಮನಸ್ಸೋ? ಹಳಬನಾದವನು ಹೊಸ ಗಾಡಿಯನ್ನು ಹತ್ತಿದರೆ ತನ್ನ ಅನುಭವವನ್ನು ಅಳತೆಗೋಲಾಗಿಟ್ಟು ಗಾಡಿಯನ್ನು ಅಳೆಯುತ್ತಾನೆ. ಹೊಸಬನು ಚೊಕ್ಕದಾದ ಹೊಸ ಗಾಡಿಯನ್ನು ಹತ್ತಿದರೆ ತಪ್ಪೆಲ್ಲ ತನ್ನದೇ ಎಂದು ತಿಳಿದು ತಿದ್ದಿಕೊಳ್ಳುತ್ತಾನೆ. ಹೊಸಬನು ಹಳೆಯ ಗಾಡಿಯನ್ನು ಹತ್ತಿದಾಗ ಮಾತ್ರ ಅಳೆಯುವ ಕೋಲೂ ಇಲ್ಲ, ಅಳತೆಗೆ ನಿಲ್ಲುವ ವಸ್ತುವೂ ಇಲ್ಲ. ಯಂತ್ರವನ್ನು ತಿಳಿಯಬೇಕಾದರೆ ಸವಾರಿ ಬರಬೇಕು. ಸವಾರಿ ಬರಬೇಕಾದರೆ ಯಂತ್ರವು ತಿಳಿದಿರಬೇಕು. ನೈಯಾಯಿಕರು ಇದನ್ನು ಅನ್ಯೋನ್ಯಾಶ್ರಯದೋಷವೆಂದು ಕರೆಯುವರು. ವಾದದಲ್ಲಿ ಈ ದೋಷ ಬಂದರೆ ವಾದವನ್ನು ಬಿಟ್ಟುಬಿಡಬಹುದು. ಬದುಕಿನಲ್ಲಿ ಬಂದರೆ ಬಿಡುವುದಕ್ಕಾಗುವುದಿಲ್ಲ. ಬೆಳಗ್ಗೆ ಎಂಟು ಗಂಟೆಗೆ ಹೊರಡಲೇಬೇಕು.

ಇಂಥ ಸ್ಥಿತಿಯಲ್ಲಿರುವವನು ಮೂರನೆಯ ಒಂದು ಮಾತಿಗೆ ಜೋತುಬೀಳುವುದು ಸಹಜ. ನನಗೆ ಆ ಮಾತು ಸಿಕ್ಕಿದ್ದು ಮಾರಿದವನಿಂದ. ಆತನು ಮರ್ಯಾದಸ್ಥನಂತೆ ಕಂಡನು. ಪುಸ್ತಕಗಳನ್ನು ಕೊಟ್ಟನು, ಕಾಗದಗಳಿಗೆ ತಡಮಾಡದೆ ರುಜು ಮಾಡಿದನು, ಗಾಡಿಯನ್ನು ಒಮ್ಮೆ ಒರಸಿ, ಸ್ವಲ್ಪ ಮನಸ್ಸು ನೊಂದವನಂತೆ ಬೀಗದಕೈಯನ್ನು ನನ್ನ ಅಂಗೈಯಲ್ಲಿಟ್ಟನು. ಹೊರಡುವಾಗ ಒಂದು ಬುದ್ಧಿಮಾತನ್ನೂ ಹೇಳಿದನು: “ಮುಂದಿನ ಬ್ರೇಕಿನ ಕಡೆ ಕೈ ಹಾಕಬೇಡಿ, ಸ್ವಾಮಿ. ಹೊಸಬರು ಅದನ್ನು ಹಿಡಿದರೆ ಮಗುಚಿಕೊಳ್ಳುತ್ತಾರೆ. ಕಾಲಿನ ಬ್ರೇಕೊಂದಿದ್ದರೆ ಸಾಕು. ಹನ್ನೊಂದು ವರ್ಷ ನಾನು ಹೀಗೆಯೇ ಓಡಿಸಿದ್ದೇನೆ.” ಮುಂದಿನ ಬ್ರೇಕಿನ ಹಿಡಿಯನ್ನು ನಾನು ಅಲ್ಲಿಯೇ ಒಮ್ಮೆ ಒತ್ತಿ ನೋಡಿದೆ. ಅದು ಸ್ವಲ್ಪ ದೂರ ಬಂದು ಗಟ್ಟಿಯಾಗಿ ನಿಂತಿತು. ಗಟ್ಟಿಯಾಗಿರುವುದು ಒಳ್ಳೆಯದೆಂದುಕೊಂಡೆ. ಆ ಉಪದೇಶವನ್ನು ಗುರುವಾಕ್ಯದಂತೆ ತಲೆಯಲ್ಲಿಟ್ಟುಕೊಂಡು ಮನೆಗೆ ಬಂದೆ.

ನಾಲ್ಕು ತಿಂಗಳು ಕಳೆದುವು. ಗಾಡಿ ಏಳುವುದನ್ನು ಕಲಿತಿತು, ಅಥವಾ ನಾನು ಏಳಿಸುವುದನ್ನು ಕಲಿತೆ. ಎರಡರಲ್ಲಿ ಯಾವುದೆಂದು ಹೇಳಲಾರೆ. ಒಂದು ಸಂಜೆ ಬಡಾವಣೆಯೊಂದರ ಬೀದಿಯಲ್ಲಿ ಬರುತ್ತಿದ್ದೆ. ವೇಗ ಗಂಟೆಗೆ 40 ಕಿಲೋಮೀಟರಿಗೆ ಮೀರಿರಲಿಲ್ಲ. ಆದರೆ 40 ಕಿಲೋಮೀಟರ್ ವೇಗವೆಂದರೂ ಒಂದು ಸೆಕೆಂಡಿಗೆ ಸುಮಾರು 11 ಮೀಟರ್ ಆಯಿತು. ಪಕ್ಕದ ಓಣಿಯಿಂದ ಹತ್ತು ಹನ್ನೊಂದು ವರ್ಷದ ಒಬ್ಬಳು ಹುಡುಗಿ ಸೈಕಲ್ಲಿನ ಮೇಲೆ ಹೊರಬಂದಳು. ನಾನು ಕಾಲಿನ ಬ್ರೇಕನ್ನು ಶಕ್ತಿಯಿದ್ದಷ್ಟು ತುಳಿದೆ. ಹಿಂದಿನ ಚಕ್ರವು ತಿರುಗುವುದನ್ನು ನಿಲ್ಲಿಸಿತು, ಗಾಡಿ ನಿಲ್ಲಲಿಲ್ಲ. ಅದು ಪಕ್ಕಕ್ಕೆ ಜಾರಿ, ನನ್ನನ್ನು ಕೆಡವಿ, ತಾನು ಮುಂದೆ ಹೋಗಿ ಸೈಕಲ್ಲಿನ ಹಿಂದಿನ ಚಕ್ರಕ್ಕೆ ತಾಗಿತು. ಹುಡುಗಿ ಬಿದ್ದಳು. ಮೊಣಕಾಲೂ ಮೊಣಕೈಯೂ ತರಚಿದುವು. ಅದಕ್ಕಿಂತ ಹೆಚ್ಚೇನೂ ಆಗಲಿಲ್ಲ. ಎರಡು ಅಡಿಯ ಅಂತರದಲ್ಲಿ ಹೆಚ್ಚೇನೂ ಆಗಲಿಲ್ಲ ಎಂದು ಹೇಳಬೇಕು.

ಹುಡುಗಿಯ ತಂದೆ ಮನೆಯಿಂದ ಓಡಿಬಂದರು. ನಾನು ಎದ್ದು ನಿಂತು, ನಡುಗುತ್ತಿದ್ದ ದನಿಯಲ್ಲಿ, ಗಾಡಿ ಹಳೆಯದೆಂದೂ, ಬ್ರೇಕು ಹಿಡಿಯಲಿಲ್ಲವೆಂದೂ, ಮಾರಿದವನು ಏನೂ ಹೇಳಿರಲಿಲ್ಲವೆಂದೂ ವಿವರಿಸಲು ಪ್ರಾರಂಭಿಸಿದೆ. ಅವರು ಮಗಳನ್ನು ಎತ್ತಿ ನಿಲ್ಲಿಸಿ, ನನ್ನ ಮುಖವನ್ನೂ ಸರಿಯಾಗಿ ನೋಡದೆ, “ಆ ಕಥೆಯೆಲ್ಲ ನನಗೇಕೆ ಹೇಳುತ್ತೀರಿ? ಗಾಡಿ ನಿಮ್ಮದು ತಾನೆ?” ಎಂದರು. ನಾನು ಸುಮ್ಮನಾದೆ. ಆ ಗಾಡಿ ನನ್ನದಾದುದು ಆ ಕ್ಷಣದಲ್ಲಿ ಎಂದು ಈಗ ನನಗೆ ತೋರುತ್ತದೆ.

ಮರುದಿನ ಗಾಡಿಯನ್ನು ತಳ್ಳಿಕೊಂಡು ಹಳೆಯ ಮೇಸ್ತ್ರಿಯೊಬ್ಬರ ಬಳಿಗೆ ಹೋದೆ. ಕಾರ್ಖಾನೆ ಹೋದ ಮೇಲೆ ಆ ಗಾಡಿಗಳ ವಿದ್ಯೆ ಉಳಿದಿರುವುದು ಇಂಥವರ ಕೈಬೆರಳುಗಳಲ್ಲಿ. ಅವರು ಮುಂದಿನ ಚಕ್ರವನ್ನು ಬಿಚ್ಚಿ ಡ್ರಮ್ಮಿನೊಳಗೆ ನೋಡಿದರು. ಲೈನರ್ ಹೆಚ್ಚಾಗಿ ಸವೆದಿರಲಿಲ್ಲ. ಅದು ಗಾಜಿನಂತೆ ನುಣುಪಾಗಿ ಗಟ್ಟಿಕಟ್ಟಿತ್ತು. ಅದನ್ನು ಅಗಲಿಸುವ ಕೀಲು ತುಕ್ಕು ಹಿಡಿದು ಬಿಗಿದುಕೊಂಡಿತ್ತು. ಕೇಬಲ್ಲು ತನ್ನ ಕೊಳವೆಯೊಳಗೆ ಅಂಟಿಕೊಂಡಿತ್ತು. ನಾನು ಗಟ್ಟಿಯೆಂದು ಮೆಚ್ಚಿದುದು ಆ ತುಕ್ಕನ್ನು. ಮೇಸ್ತ್ರಿ ಹೇಳಿದರು: “ಇದು ಸವೆದು ಹೋದದ್ದಲ್ಲ, ಸ್ವಾಮಿ. ಬಳಸದೆ ಸತ್ತಿರೋದು.” ಆಮೇಲೆ ಕೈ ಒರಸಿಕೊಳ್ಳುತ್ತ, “ನೀವು ಎಷ್ಟು ದಿನದಿಂದ ಬಳಸಿಲ್ಲ?” ಎಂದು ಕೇಳಿದರು. ಆ ಪ್ರಶ್ನೆಗೆ ಉತ್ತರ ಹೇಳಲು ನನಗೆ ನಾಚಿಕೆಯಾಯಿತು.

ಅವರು ಇನ್ನೊಂದು ವಿಷಯವನ್ನೂ ತಿಳಿಸಿದರು. ಓಡುವ ಗಾಡಿಯನ್ನು ತಡೆದಾಗ ಭಾರವೆಲ್ಲ ಮುಂದಿನ ಚಕ್ರದ ಮೇಲೆ ಬೀಳುತ್ತದೆ. ಹಿಂದಿನ ಚಕ್ರ ಹಗುರವಾಗುತ್ತದೆ. ಹಗುರವಾದ ಚಕ್ರವನ್ನು ಎಷ್ಟು ಬಿಗಿಹಿಡಿದರೂ ಅದು ಜಾರುವುದೇ ಹೊರತು ನಿಲ್ಲಿಸಲಾರದು. ಆದುದರಿಂದ ಗಾಡಿಯನ್ನು ನಿಲ್ಲಿಸುವ ಶಕ್ತಿಯ ಹೆಚ್ಚಿನ ಪಾಲು ಮುಂದಿನ ಬ್ರೇಕಿನಲ್ಲಿದೆ. ಹಾಗೆಂದು ಅದನ್ನು ಹಠಾತ್ತನೆ ಹಿಚುಕಬಾರದು. ಮೊದಲು ಮೃದುವಾಗಿ, ಭಾರವು ಮುಂದಕ್ಕೆ ಬಂದಂತೆ ಬಲವಾಗಿ ಹಿಡಿಯಬೇಕು. ಮಾರಿದವನ ಉಪದೇಶವು ಸತ್ಯಕ್ಕೆ ನೇರವಾಗಿ ಎದುರು ದಿಕ್ಕಿನಲ್ಲಿತ್ತು.

ನನಗೆ ಬಂದ ಕೋಪವನ್ನು ವರ್ಣಿಸಬೇಕಾದುದಿಲ್ಲ. ಕೆಟ್ಟ ವಸ್ತುವನ್ನು ಮಾರಿದ್ದಕ್ಕಿಂತಲೂ ದೊಡ್ಡ ಅಪರಾಧವೊಂದು ಇದರಲ್ಲಿ ಇದೆಯೆಂದು ನನಗೆ ಅನ್ನಿಸಿತು, ಈಗಲೂ ಅನ್ನಿಸುತ್ತದೆ. ಬಲ್ಲವನಿಗೆ ಸುಳ್ಳು ಹೇಳಿದರೆ ಅವನ ಹಣ ಹೋಗುತ್ತದೆ. ಕಲಿಯುವವನಿಗೆ ಸುಳ್ಳು ಹೇಳಿದರೆ ಅವನ ಕಲಿಕೆಯೇ ಕೆಡುತ್ತದೆ. ವೀಣೆಯನ್ನು ನುಡಿಸಿ ನುಡಿಸಿಯೇ ಒಳ್ಳೆಯ ವೈಣಿಕನೂ ಆಗುತ್ತಾನೆ, ಕೆಟ್ಟ ವೈಣಿಕನೂ ಆಗುತ್ತಾನೆ. ಆದುದರಿಂದಲೇ ಗುರುವು ಬೇಕಾದುದು ಎಂಬ ಅರ್ಥದ ಮಾತನ್ನು ಗ್ರೀಕ್ ತತ್ತ್ವಜ್ಞ ಅರಿಸ್ಟಾಟಲನು ತನ್ನ ನೀತಿಶಾಸ್ತ್ರದಲ್ಲಿ ಹೇಳಿದ್ದಾನೆ. ನಾನು ನಾಲ್ಕು ತಿಂಗಳು ದಿನವೂ ಅಭ್ಯಾಸ ಮಾಡಿದ್ದೆ. ಅಭ್ಯಾಸ ಮಾಡಿದುದೆಲ್ಲ ತಪ್ಪು. ಮೇಸ್ತ್ರಿ ಬ್ರೇಕನ್ನು ಒಂದು ಮಧ್ಯಾಹ್ನದಲ್ಲಿ ಅಲ್ಪಹಣಕ್ಕೆ ಸರಿಮಾಡಿದರು. ನನ್ನ ಕೈಯನ್ನು ಸರಿಮಾಡಲು ಒಂದು ಮಳೆಗಾಲ ಹಿಡಿಯಿತು. ಬೆಳಗಿನ ಜಾವ ಮೈದಾನದಲ್ಲಿ ಗಾಡಿಯನ್ನು ಓಡಿಸಿ ನಿಲ್ಲಿಸುವುದು, ಓಡಿಸಿ ನಿಲ್ಲಿಸುವುದು. ಪ್ರತಿಯೊಂದು ಸಲವೂ ಬುದ್ಧಿಯು ಕೈಗೆ ಆಜ್ಞೆ ಮಾಡುವುದಕ್ಕೆ ಮುಂಚೆಯೇ ಕಾಲು ತನ್ನ ಹಳೆಯ ಕೆಲಸವನ್ನು ಮಾಡಿಬಿಡುತ್ತಿತ್ತು. ತಿಳಿವಳಿಕೆಯು ತಲೆಗೆ ಬಂದು ಎಷ್ಟೋ ದಿನಗಳ ಮೇಲೆ ಅಂಗಾಂಗಗಳಿಗೆ ಇಳಿಯಿತು.

ಮಾರಿದವನ ಮೇಲೆ ಆರೋಪವನ್ನು ಸಿದ್ಧಪಡಿಸಿಕೊಳ್ಳಲು ನಾನು ಗ್ರಂಥಗಳನ್ನು ತೆರೆದೆ. ನಮ್ಮ ಸ್ಮೃತಿಕಾರರು ಕ್ರಯವಿಕ್ರಯಗಳಲ್ಲಿ ಉಂಟಾಗುವ ಪಶ್ಚಾತ್ತಾಪವನ್ನು ಒಂದು ವ್ಯವಹಾರಪದವಾಗಿಯೇ ಎಣಿಸಿದ್ದಾರೆ. ದೋಷವುಳ್ಳ ವಸ್ತುವನ್ನಾಗಲಿ ಮುಚ್ಚಿಟ್ಟ ವಸ್ತುವನ್ನಾಗಲಿ ಮಾರಕೂಡದೆಂದು ಮನುಸ್ಮೃತಿ ವಿಧಿಸುತ್ತದೆ; ಕೊಂಡವನಿಗೂ ಮಾರಿದವನಿಗೂ ಮನಸ್ಸು ಬದಲಾದರೆ ಹತ್ತು ದಿನಗಳ ಅವಕಾಶವನ್ನು ಕೊಡುತ್ತದೆ. ಇಷ್ಟು ನನಗೆ ಅನುಕೂಲವಾಗಿತ್ತು. ನಾರದಸ್ಮೃತಿ ಹಾಗಿರಲಿಲ್ಲ. ಕೊಳ್ಳುವವನು ವಸ್ತುವಿನ ಗುಣದೋಷಗಳನ್ನು ಮೊದಲು ತಾನೇ ಪರೀಕ್ಷಿಸತಕ್ಕದ್ದು. ಪರೀಕ್ಷಿಸಿ ಒಪ್ಪಿ ಕೊಂಡುದನ್ನು ಹಿಂದಿರುಗಿಸುವಂತಿಲ್ಲ ಎಂದು ಅದು ಹೇಳುತ್ತದೆ. ಪರೀಕ್ಷೆಗೆ ದಿನಗಳನ್ನೂ ಗೊತ್ತುಮಾಡುತ್ತದೆ: ಕಬ್ಬಿಣಕ್ಕೂ ಬಟ್ಟೆಗೂ ಒಂದು ದಿನ, ಕರೆಯುವ ಹಸುವಿಗೆ ಮೂರು ದಿನ, ಹೊರೆಹೊರುವ ಪ್ರಾಣಿಗೆ ಐದು ದಿನ, ಮುತ್ತು ರತ್ನಗಳಿಗೆ ಏಳು ದಿನ, ಬೀಜಗಳಿಗೆ ಹತ್ತು ದಿನ. ಮೋಟಾರ್ ಸೈಕಲ್ಲು ಕಬ್ಬಿಣವೂ ಹೌದು, ಹೊರುವ ಪ್ರಾಣಿಯೂ ಹೌದು. ಧಾರಾಳವಾಗಿ ಲೆಕ್ಕಹಾಕಿದರೂ ಐದು ದಿನ. ನಾನು ಪರೀಕ್ಷೆಗೆ ತೆಗೆದುಕೊಂಡುದು ಹಿಡಿಯನ್ನು ಒಮ್ಮೆ ಒತ್ತುವಷ್ಟು ಕಾಲ.

ಈಗಿನ ಶಾಸನವೂ ಬಹುಮಟ್ಟಿಗೆ ಇದೇ ನೆಲೆಯಲ್ಲಿದೆ. 1930ರ ಸರಕು ಮಾರಾಟ ಕಾಯಿದೆಯಂತೆ ಮಾರುವವನು ಆ ವಸ್ತುವಿನ ವ್ಯಾಪಾರಿಯಾಗಿದ್ದು, ಕೊಳ್ಳುವವನು ತನ್ನ ಉದ್ದೇಶವನ್ನು ತಿಳಿಸಿ ಅವನ ತಿಳಿವಳಿಕೆಯನ್ನು ನಂಬಿ ಕೊಂಡಿದ್ದರೆ ಮಾತ್ರ ವಸ್ತುವು ಆ ಉದ್ದೇಶಕ್ಕೆ ಯೋಗ್ಯವಾಗಿರಬೇಕೆಂಬ ಹೊಣೆ ಅವನ ಮೇಲೆ ಬೀಳುತ್ತದೆ. ತನ್ನ ಮನೆಯ ಗಾಡಿಯನ್ನು ಮಾರಿದ ಗೃಹಸ್ಥನಿಗೆ ಆ ಹೊಣೆಯಿಲ್ಲ. ಆದರೆ ಶಾಸನವೂ ಸ್ಮೃತಿಯೂ ಒಂದು ವಿಷಯವನ್ನು ಒಪ್ಪಿಕೊಂಡೇ ಮಾತನಾಡುತ್ತವೆ. ಕೊಳ್ಳುವವನಿಗೆ ಪರೀಕ್ಷಿಸಲು ಬರುತ್ತದೆಂದು ಅವುಗಳ ಭಾವನೆ. ಹಸುವನ್ನು ಮೂರು ದಿನ ಕಟ್ಟಿಕೊಂಡರೂ ಹಾಲು ಕರೆಯಲು ಬಾರದವನು ಏನನ್ನು ತಿಳಿದಾನು? ಹೊಸಬನಿಗೆ ದಿನಗಳನ್ನು ಕೊಟ್ಟರೆ ಸಾಲದು. ಆದುದರಿಂದ, ಕೊಳ್ಳುವವನ ಅಜ್ಞಾನ ಹೆಚ್ಚಿದಂತೆಲ್ಲ ಕೊಡುವವನ ಧರ್ಮವೂ ಭಾರವಾಗುತ್ತದೆ ಎಂದು ನಾನು ನಿಶ್ಚಯಿಸಿದೆ. ಈ ನಿಶ್ಚಯವನ್ನು ಆತನ ಮುಂದೆ ಮಂಡಿಸಬೇಕೆಂದು ಒಂದು ಭಾನುವಾರ ಹೊರಟೆ.

ಆತನ ಮನೆಯ ಬೀದಿಯ ತಿರುವಿನಲ್ಲಿ ನಿಂತಿದ್ದಾಗ ಆತನೇ ಎದುರಿನಿಂದ ಬೇರೊಂದು ಗಾಡಿಯ ಮೇಲೆ ಬರುತ್ತಿದ್ದುದನ್ನು ಕಂಡೆ. ಹಿಂದೆ ಹೆಂಡತಿ ಕುಳಿತಿದ್ದರು, ಮುಂದೆ ಒಂದು ಚೀಲ. ಮನೆಯ ಹತ್ತಿರ ಬಂದಂತೆ ಆತನು ಕಾಲಿನ ಬ್ರೇಕನ್ನು ತುಳಿದನು. ಗಾಡಿ ಸಾಲದಷ್ಟು ನಿಧಾನವಾದಾಗ ಎರಡು ಕಾಲುಗಳನ್ನೂ ನೆಲಕ್ಕೆ ಬಿಟ್ಟು ಚಪ್ಪಲಿ ಎಳೆಯುತ್ತ ಬಾಗಿಲಿಗೆ ಎರಡು ಮಾರು ಮುಂದೆ ಹೋಗಿ ನಿಂತನು. ಬಲಗೈಯ ಬೆರಳುಗಳು ಬ್ರೇಕಿನ ಹಿಡಿಯ ಹತ್ತಿರಕ್ಕೂ ಹೋಗಲಿಲ್ಲ.

ಆತನು ನನಗೆ ಸುಳ್ಳು ಹೇಳಿರಲಿಲ್ಲ. ತಾನು ನಂಬಿದುದನ್ನು ಹೇಳಿದ್ದನು. ತನ್ನ ಹೆಂಡತಿಯ ಪ್ರಾಣವನ್ನೂ ಅದೇ ನಂಬಿಕೆಯ ಮೇಲಿಟ್ಟು ಓಡಿಸುತ್ತಿದ್ದನು. ಆತನಿಗೆ ಅದನ್ನು ಹೇಳಿಕೊಟ್ಟವನು ಮತ್ತೊಬ್ಬನಿರಬೇಕು. ಗಾಡಿಯ ಜೊತೆಯಲ್ಲಿ ಅದರ ಪುಸ್ತಕ, ಬೀಗದಕೈಗಳು ಕೈಯಿಂದ ಕೈಗೆ ಬಂದಂತೆ ಈ ತಪ್ಪು ತಿಳಿವಳಿಕೆಯೂ ಬಂದಿತ್ತು. ನಾನು ಕಟ್ಟಿಕೊಂಡು ಹೋಗಿದ್ದ ಆರೋಪವು ನಿಲ್ಲಲು ನೆಲವಿಲ್ಲದೆ ಹೋಯಿತು. ಜಗಳವಾಡಲು ಹೋದವನು ಒಳಗೆ ಕುಳಿತು ಕಾಫಿ ಕುಡಿದು, ಮೇಸ್ತ್ರಿ ಹೇಳಿದುದನ್ನು ಆತನಿಗೆ ಹೇಳಿ ಬಂದೆ. ಆತನು ಕೇಳಿಕೊಂಡನು, ನಂಬಿದನೆಂದು ಹೇಳಲಾರೆ.

ಹಾಗಾದರೆ ಆತನು ನಿರ್ದೋಷಿಯೆ? ಒಳ್ಳೆಯ ಉದ್ದೇಶವೊಂದೇ ಸಾಕೆಂದು ಹೇಳುವವರಿಗೆ ಆ ಯಂತ್ರವೇ ಒಂದು ಉತ್ತರವನ್ನು ಕೊಡುತ್ತದೆ. ಚಾಮುಂಡಿ ಬೆಟ್ಟದಿಂದ ಇಳಿಯುವಾಗ ಎಂಜಿನ್ನಿಗೆ ವಿಶ್ರಾಂತಿಯಾಗಲೆಂದು ಪೆಟ್ರೋಲಿನ ಹಿಡಿಯನ್ನು ಪೂರ್ತಿ ಮುಚ್ಚಿ ಗೇರಿನಲ್ಲಿಯೇ ಇಳಿಯುವುದು ದಯೆಯಂತೆ ಕಾಣುತ್ತದೆ. ಆದರೆ ಈ ಬಗೆಯ ಎಂಜಿನ್ನಿಗೆ ಎಣ್ಣೆ ಬರುವುದು ಪೆಟ್ರೋಲಿನ ಜೊತೆಯಲ್ಲಿ. ಹಿಡಿಯನ್ನು ಮುಚ್ಚಿದರೆ ಎಣ್ಣೆಯೂ ನಿಂತಂತೆ. ಚಕ್ರವು ಎಂಜಿನ್ನನ್ನು ತಿರುಗಿಸುತ್ತಲೇ ಇರುತ್ತದೆ, ಒಳಗೆ ಜಿಡ್ಡಿಲ್ಲ. ಪಿಸ್ಟನ್ನು ಬಿಸಿಯಾಗಿ ಹಿಗ್ಗಿ ಹಿಡಿದುಕೊಂಡರೆ ಹಿಂದಿನ ಚಕ್ರವೂ ಹಠಾತ್ತನೆ ನಿಲ್ಲುತ್ತದೆ. ಆಗ ತಡಮಾಡದೆ ಕ್ಲಚ್ಚನ್ನು ಹಿಡಿದವನು ಬದುಕಿಕೊಂಡಾನು. ಆದುದರಿಂದ ಇಳಿಜಾರಿನಲ್ಲಿಯೂ ಆಗಾಗ ಸ್ವಲ್ಪ ಪೆಟ್ರೋಲು ಕೊಡುತ್ತಿರಬೇಕೆಂದು ಮೇಸ್ತ್ರಿ ನನಗೆ ಕಲಿಸಿದರು. ವಸ್ತುವಿನ ಸ್ವಭಾವವನ್ನು ಅರಿಯದೆ ತೋರಿಸಿದ ದಯೆಯು ದಯೆಯಾಗುವುದಿಲ್ಲ. ಉಪದೇಶದ ವಿಷಯವೂ ಹೀಗೆಯೇ. ಆತನ ಉದ್ದೇಶ ಶುದ್ಧವಾಗಿತ್ತು. ಆದರೆ ಹನ್ನೊಂದು ವರ್ಷದಲ್ಲಿ ಒಂದು ದಿನವಾದರೂ ತನ್ನ ನಂಬಿಕೆಯನ್ನು ಬಲ್ಲವರ ಮುಂದೆ ಇಟ್ಟು ನೋಡಲಿಲ್ಲ. ತಾನೊಬ್ಬನೇ ಅದರ ಮೇಲೆ ಸವಾರಿ ಮಾಡುವವರೆಗೆ ಅದು ಆಲಸ್ಯ. ಅದನ್ನು ಇನ್ನೊಬ್ಬನಿಗೆ ಬುದ್ಧಿಮಾತಾಗಿ ಕೊಟ್ಟ ದಿನ ಅದು ದೋಷವಾಯಿತು. ಮೋಸದಷ್ಟು ದೊಡ್ಡ ದೋಷವಲ್ಲ; ಇಲ್ಲವೆನ್ನುವಂಥದೂ ಅಲ್ಲ.

ಇಲ್ಲಿ ಒಂದು ಆಕ್ಷೇಪಣೆ ಬರಬಹುದು. ದೋಷವು ಆತನಲ್ಲಿದ್ದರೆ ಆ ಹುಡುಗಿ ಬಿದ್ದುದಕ್ಕೆ ಆತನೇ ಹೊಣೆ. ನಿನಗೆ ಹೊಣೆಯಿದ್ದರೆ ಆತನಿಗಿಲ್ಲ. ಎರಡನ್ನೂ ಹೇಗೆ ಹೇಳುವೆ? ಹೊಣೆಯನ್ನು ರೊಟ್ಟಿಯಂತೆ ಭಾವಿಸುವುದರಿಂದ ಈ ಆಕ್ಷೇಪಣೆ ಹುಟ್ಟುತ್ತದೆ. ರೊಟ್ಟಿಯನ್ನು ಒಬ್ಬನು ತಿಂದರೆ ಮತ್ತೊಬ್ಬನಿಗೆ ಉಳಿಯುವುದಿಲ್ಲ. ಹೊಣೆಯು ಹಾಗಲ್ಲ. ಇಬ್ಬರು ಮಕ್ಕಳಿರುವ ಮನೆಯಲ್ಲಿ ತಾಯಿಯನ್ನು ನೋಡಿಕೊಳ್ಳುವ ಹೊಣೆ ಅರ್ಧ ಅರ್ಧವೆ? ಒಬ್ಬನು ಮಾಡಲಿಲ್ಲವೆಂದರೆ ಇನ್ನೊಬ್ಬನು ಅರ್ಧ ಊಟವನ್ನು ಬಡಿಸಿ ಕೈತೊಳೆದುಕೊಳ್ಳಬಹುದೆ? ಆತನ ಹೊಣೆಯು ಪೂರ್ಣ, ನನ್ನದೂ ಪೂರ್ಣ. ಆತನ ದೋಷವನ್ನು ನಾನು ಆತನಿಗೆ ತೋರಿಸಬಹುದು. ಬೀದಿಯಲ್ಲಿ ಬಿದ್ದ ಮಗುವಿಗೆ ತೋರಿಸಲಾಗದು.

ಈಗ ಮೊದಲನೆಯ ಪ್ರಶ್ನೆಗೆ ಬರೋಣ. ವಸ್ತುವು ನಮ್ಮದಾಗುವುದು ಯಾವಾಗ? ಸ್ವತ್ವವೆಂದರೇನೆಂಬ ವಿಚಾರವನ್ನು ನಮ್ಮ ನಾಡಿನಲ್ಲಿಯೇ, ಚಾಲುಕ್ಯ ವಿಕ್ರಮಾದಿತ್ಯನ ಕಲ್ಯಾಣದಲ್ಲಿ ಕುಳಿತು, ವಿಜ್ಞಾನೇಶ್ವರನು ತನ್ನ ಮಿತಾಕ್ಷರಾ ವ್ಯಾಖ್ಯಾನದಲ್ಲಿ ವಿಸ್ತಾರವಾಗಿ ಚರ್ಚಿಸಿದ್ದಾನೆ. ದಾಯ, ಕ್ರಯ, ವಿಭಾಗ ಮೊದಲಾದುವುಗಳಿಂದ ಸ್ವತ್ವವುಂಟಾಗುತ್ತದೆಂದು ಗೌತಮನು ಹೇಳಿದ್ದನಷ್ಟೆ. ಸ್ವತ್ವವು ಶಾಸ್ತ್ರದಿಂದ ಮಾತ್ರ ತಿಳಿಯುವಂಥದಲ್ಲ, ಅದು ಲೌಕಿಕವಾದುದು, ಶಾಸ್ತ್ರವನ್ನರಿಯದ ಜನರಲ್ಲಿಯೂ ವ್ಯವಹಾರದಿಂದ ಸಿದ್ಧವಾಗಿರುವುದು ಎಂಬುದು ವಿಜ್ಞಾನೇಶ್ವರನ ಸಿದ್ಧಾಂತ. ಆ ಮಹಾಪಂಡಿತನ ಮಾತಿಗೆ ನಾನು ಸೇರಿಸಲು ಅರ್ಹನಲ್ಲ. ಆದರೆ ವಸ್ತುವಿನ ಫಲವನ್ನು ಇತರರಿಂದ ಕಾಪಾಡಿಕೊಳ್ಳಲು “ಇದು ನನ್ನದು” ಎಂದು ಹೇಳುವುದು ಸ್ವತ್ವದ ಒಂದು ಮುಖವಾದರೆ, ವಸ್ತುವಿನಿಂದ ಇತರರಿಗೆ ಕೇಡಾದಾಗ “ಇದು ನನ್ನದು” ಎಂದು ಹೇಳುವುದು ಅದರ ಇನ್ನೊಂದು ಮುಖವೆಂದು ಲೋಕವ್ಯವಹಾರವೇ ನನಗೆ ಕಲಿಸಿತು. ಸಾರಿಗೆಯ ಕಛೇರಿಯಲ್ಲಿ ನನ್ನ ಹೆಸರು ಬರೆದ ದಿನ ಮೊದಲನೆಯ ಮುಖ ನನಗೆ ದೊರಕಿತು. ಎರಡನೆಯದು ನಾಲ್ಕು ತಿಂಗಳು ತಡವಾಗಿ ಬಂತು. ಅಲ್ಲಿಯವರೆಗೆ, ಏನಾದರೂ ಕೆಟ್ಟರೆ “ಹಿಂದಿನವನು ಹೀಗೆ ಇಟ್ಟಿದ್ದ” ಎಂದು ನಾನು ಹೇಳುತ್ತಿದ್ದೆ. ಹಾಗೆ ಹೇಳುವವರೆಗೆ ಗಾಡಿಯು ಅರ್ಧ ಹಿಂದಿನವನದೇ.

ಇದು ವಾಹನಕ್ಕೆ ಮಾತ್ರ ಸಲ್ಲುವ ಮಾತಲ್ಲ. ಮನೆ, ಮನೆತನ, ಊರು, ಉದ್ಯೋಗ, ನಡೆದುಬಂದ ಆಚಾರ, ಯಾವುದನ್ನೂ ನಾವು ಹೊಸದಾಗಿ ಪಡೆಯುವುದಿಲ್ಲ. ಎಲ್ಲವೂ ಕೈಬದಲಾಗಿ ಬಂದುವೇ. ಅವುಗಳಲ್ಲಿಯೂ ಬಳಸದೆ ಸತ್ತ ಕೀಲುಗಳುಂಟು. ಆ ಕೀಲನ್ನು ಮುಟ್ಟಬೇಡವೆಂದು ಹೇಳುವ ಹಿರಿಯರ ಬುದ್ಧಿಮಾತುಗಳೂ ಉಂಟು. ಎಲ್ಲ ಬುದ್ಧಿಮಾತುಗಳೂ ಹೀಗೆಂದು ನಾನು ಹೇಳುವುದಿಲ್ಲ. ಪೆಟ್ರೋಲಿಗೆ ಎಣ್ಣೆ ಬೆರೆಸಬೇಕೆಂದು ಹೇಳಿದವನೂ ಅದೇ ಮನುಷ್ಯ. ಯಾವುದು ಎಣ್ಣೆ, ಯಾವುದು ತುಕ್ಕು ಎಂಬುದನ್ನು ಬಿಚ್ಚಿ ನೋಡಿದ ಹೊರತು ತಿಳಿಯದು.

ಆರು ವರ್ಷಗಳ ಮೇಲೆ ಈ ವಿಚಾರವು ಮತ್ತೆ ನನ್ನ ಬಾಗಿಲಿಗೆ ಬಂತು. ನನ್ನ ತಂಗಿಯ ಮಗನಿಗೆ ಕೆಲಸ ಸಿಕ್ಕಿತು. ಸವಾರಿಯನ್ನು ಹೊಸದಾಗಿ ಕಲಿತು ಪರವಾನಗಿ ಪಡೆದಿದ್ದನು. “ಮಾವ, ನಿನ್ನ ಯೆಜ್ಡಿಯನ್ನು ನನಗೆ ಕೊಡು, ಬೆಲೆ ಎಷ್ಟಾದರೂ ತಿಂಗಳು ತಿಂಗಳು ಕೊಡುತ್ತೇನೆ” ಎಂದನು. ಹಿಂದೆ ನಾನಿದ್ದ ಸ್ಥಾನದಲ್ಲಿ ಅವನಿದ್ದನು. ಆತನಿದ್ದ ಸ್ಥಾನದಲ್ಲಿ ನಾನಿದ್ದೆ. ಬೆಲೆಯ ಮಾತನ್ನು ಬದಿಗಿಟ್ಟು ಮೊದಲು ಒಂದು ಹಾಳೆಯನ್ನು ತೆಗೆದುಕೊಂಡು ಗಾಡಿಯ ದೋಷಗಳನ್ನು ಬರೆಯಲು ಕುಳಿತೆ. ಮೂರನೆಯ ಗೇರಿಗೆ ಹೋಗುವಾಗ ಒಮ್ಮೊಮ್ಮೆ ಜಾರುತ್ತದೆ, ಮಳೆಯಲ್ಲಿ ಪ್ಲಗ್ಗಿನ ಮುಚ್ಚಳಕ್ಕೆ ನೀರು ತಾಗಿದರೆ ನಿಲ್ಲುತ್ತದೆ, ದೀಪ ಮಂಕು, ಹೀಗೆ ಏಳು ದೋಷಗಳಾದುವು. ಹುಡುಗಿ ಬಿದ್ದ ಸಂಗತಿಯನ್ನೂ ಬರೆದೆ. ಅದನ್ನು ಬರೆಯುವಾಗ ಮಾತ್ರ ಕೈ ಸ್ವಲ್ಪ ತಡೆಯಿತು. ತಂಗಿ ಓದಿದರೆ ಏನೆಂದುಕೊಳ್ಳುವಳೋ ಎನ್ನಿಸಿತು. ಹುಡುಗನು ಓದಿ ನಕ್ಕು, “ಇಷ್ಟೆಲ್ಲ ಹೇಳಿದರೆ ಯಾರು ಕೊಳ್ಳುತ್ತಾರೆ, ಮಾವ?” ಎಂದನು. ನಾರದನ ಲೆಕ್ಕದಂತೆ ಐದು ದಿನ ಇಟ್ಟುಕೊಂಡು ನೋಡು, ಮೇಸ್ತ್ರಿಗೂ ತೋರಿಸು, ಆಮೇಲೆ ಹೇಳು ಎಂದು ಗಾಡಿಯನ್ನು ಕೊಟ್ಟು ಕಳುಹಿಸಿದೆ. ನನ್ನ ಕರ್ತವ್ಯವನ್ನು ಚೆನ್ನಾಗಿ ಮಾಡಿದೆನೆಂಬ ಸಂತೋಷ ಆ ರಾತ್ರಿ ನನಗಿತ್ತು.

ಐದನೆಯ ದಿನ ಅವನು ಬಂದನು. “ಗಾಡಿ ಚೆನ್ನಾಗಿದೆ, ಮಾವ. ಆದರೆ ಎಡಕ್ಕೆ ಎಳೆಯುತ್ತದಲ್ಲ, ಅದನ್ನು ನೀನು ಬರೆಯಲೇ ಇಲ್ಲ” ಎಂದನು. ಎಡಕ್ಕೆ ಎಳೆಯುವುದೆ? ಆರು ವರ್ಷ ನಾನು ಓಡಿಸಿದ್ದೇನೆ, ಒಂದು ದಿನವೂ ಎಳೆದಿಲ್ಲ ಎಂದೆ. ಆ ಮಾತು ನನ್ನ ಬಾಯಿಂದ ಹೊರಟ ಮೇಲೆ ಅದನ್ನು ಎಲ್ಲಿಯೋ ಕೇಳಿದ್ದೇನೆನ್ನಿಸಿತು. ಇಬ್ಬರೂ ಮೇಸ್ತ್ರಿಯ ಬಳಿಗೆ ಹೋದೆವು. ಅವರು ಹಿಂದಿನಿಂದ ಬಗ್ಗಿ ನೋಡಿ, ಸರಪಣಿಯನ್ನು ಬಿಗಿಮಾಡುವ ಎರಡು ತಿರುಪುಗಳು ಸಮನಾಗಿಲ್ಲವೆಂದೂ, ಹಿಂದಿನ ಚಕ್ರವು ಕೂದಲೆಳೆಯಷ್ಟು ಓರೆಯಾಗಿ ಕುಳಿತಿದೆಯೆಂದೂ ಹೇಳಿದರು. ಎರಡು ವರ್ಷಗಳ ಹಿಂದೆ ಸರಪಣಿಯನ್ನು ಬಿಗಿಮಾಡಿದವನು ನಾನೇ. ಅಂದಿನಿಂದ ನನ್ನ ಮೈಯು ನನಗೆ ತಿಳಿಯದಂತೆ ಬಲಕ್ಕೆ ವಾಲಿ ಆ ಓರೆಯನ್ನು ಸರಿದೂಗಿಸುತ್ತಿತ್ತು. ಗಾಡಿಯ ಪರಿಚಯ ಅಷ್ಟು ಗಾಢವಾಗಿದ್ದುದರಿಂದಲೇ ಅದರ ದೋಷವು ನನಗೆ ಕಾಣದೆ ಹೋಗಿತ್ತು.

ಕೊಡುವವನು ತನಗೆ ತಿಳಿದುದನ್ನೆಲ್ಲ ಹೇಳತಕ್ಕದ್ದು, ಇದರಲ್ಲಿ ಸಂಶಯವಿಲ್ಲ. ಆದರೆ ಅಷ್ಟರಿಂದಲೇ ಅವನ ಋಣವು ತೀರಿತೆಂದು ನಾನು ಇನ್ನು ಮೇಲೆ ಹೇಳಲಾರೆ. ತನಗೆ ತಿಳಿಯದಿರುವುದೂ ಇರಬಹುದೆಂದು ಅವನು ಹೇಳಬೇಕು; ಅದನ್ನು ಕಾಣಬಲ್ಲ ಇನ್ನೊಬ್ಬರ ಕಣ್ಣಿಗೆ ವಸ್ತುವನ್ನು ಒಡ್ಡಬೇಕು. ಹುಡುಗನು ಆಗ ಎರಡೇ ತಿಂಗಳ ಸವಾರ. ಅವನ ಕೈಗೆ ಗಾಡಿಯು ಇನ್ನೂ ಹೊಸದಾಗಿದ್ದುದರಿಂದ ಕಂಡಿತು. ಬಲ್ಲವನು ಹೊಸಬನಿಗೆ ಕಲಿಸಬೇಕಾದುದು ಬಹಳವಿದೆ. ಬಲ್ಲವನು ಹೊಸಬನನ್ನು ಕೇಳಬೇಕಾದುದೂ ಇಷ್ಟಿದೆ.

ಚಕ್ರವನ್ನು ಅಲ್ಲಿಯೇ ನೇರಮಾಡಿಸಿದೆವು. ಹಿಂದಿರುಗುವಾಗ ಅವನು ಓಡಿಸಿದನು. ನಾನು ಹಿಂದೆ ಕುಳಿತೆ. ಮನೆಗೆ ಬಂದು ಹಾಳೆಯಲ್ಲಿ ಎಂಟನೆಯ ದೋಷವನ್ನು, ಈಗ ಸರಿಮಾಡಿದೆಯೆಂಬ ಷರಾವಿನೊಡನೆ ಬರೆದು, ಕೆಳಗೆ ರುಜು ಮಾಡಿ ಅವನ ಕೈಗೆ ಕೊಟ್ಟೆ. ಅವನು ಅದನ್ನು ಮಡಿಸಿ ಗಾಡಿಯ ಪುಸ್ತಕದೊಳಗೆ ಇಟ್ಟುಕೊಂಡನು. ಹಾಳೆಯಲ್ಲಿ ಇನ್ನೂ ಅರ್ಧಪುಟ ಖಾಲಿಯಿತ್ತು.